ಮನೆಯಲ್ಲೇ ಸರ್ವಿಸ್ ಮಾಡಿದ ಮೇಲೆ ಬೈಕಿನಿಂದ ಆಯಿಲ್ ಸೋರುತ್ತಿದೆಯಾ? ಪಾನಾ ಹಿಡಿಯುವ ಮೊದಲು ಇದನ್ನು ಓದಿ

ಭಾನುವಾರ ಮನೆ ಮುಂದೆ ಬೈಕ್ ನಿಲ್ಲಿಸಿಕೊಂಡು ನೀವೇ ಆಯಿಲ್ ಬದಲಿಸಿದಿರಿ. ಸೋಮವಾರ ಬೆಳಿಗ್ಗೆ ನೋಡಿದರೆ ಇಂಜಿನ್ ಕೆಳಗೆ ಫರ್ಸಿ ಮೇಲೆ ಕರಿ ಕಲೆ. ಕೈ ಮೊದಲು ಹೋಗುವುದು ಪಾನಾ ಕಡೆಗೆ, ಅಲ್ವಾ? ಹಳೆಯ ಆಯಿಲ್ ಇಳಿಸಲು ಇಂಜಿನ್ ತಳದಲ್ಲಿರುವ ಡ್ರೇನ್ ಬೋಲ್ಟ್ ಸಡಿಲ ಉಳಿದಿರಬೇಕು, ಇನ್ನೊಂದು ಸುತ್ತು ಬಿಗಿ ಮಾಡಿದರೆ ನಿಲ್ಲುತ್ತದೆ ಅಂತ ಅನಿಸುತ್ತದೆ. ದಯವಿಟ್ಟು ಅದೊಂದನ್ನು ಮಾಡಬೇಡಿ. ನಾನು ಮಾಡಿದ್ದು ಅದನ್ನೇ.

ನನ್ನದು ಹಳೆಯ ಸ್ಪ್ಲೆಂಡರ್. ಹುಬ್ಬಳ್ಳಿಯ ನವನಗರದಿಂದ ಧಾರವಾಡಕ್ಕೆ ದಿನಾ ಹೋಗಿ ಬರುವ ಗಾಡಿ. ಆಯಿಲ್ ಬದಲಿಸಿದ ಮರುದಿನ ಡ್ರೇನ್ ಬೋಲ್ಟಿನ ತುದಿಯಲ್ಲಿ ಹನಿ ನೇತಾಡುತ್ತಿತ್ತು. ಬಿಗಿ ಮಾಡಿದೆ. ಸಂಜೆ ಮತ್ತೆ ಹನಿ. ಮತ್ತೆ ಬಿಗಿ ಮಾಡಿದೆ, ಈ ಸಲ ಪಾನಾಕ್ಕೆ ಒಂದು ಪೈಪ್ ತೂರಿಸಿಕೊಂಡು. ಬೋಲ್ಟ್ ಒಂದು ಕ್ಷಣ ಗಟ್ಟಿಯಾಯಿತು, ಆಮೇಲೆ ಬೆಣ್ಣೆಯಲ್ಲಿ ಚಮಚ ತಿರುಗಿದ ಹಾಗೆ ಸುಮ್ನೆ ತಿರುಗತೊಡಗಿತು. ಇಂಜಿನ್ ಕೇಸಿನ ಥ್ರೆಡ್, ಅಂದರೆ ಬೋಲ್ಟ್ ಕಚ್ಚಿಕೊಳ್ಳುವ ಸುರುಳಿ ಹಲ್ಲು, ಹೋಗಿತ್ತು. ಹೊಸ ಆಯಿಲ್ ಎಲ್ಲ ಬುಟ್ಟಿಗೆ ಇಳಿಯಿತು, ಗಾಡಿ ಎರಡು ದಿನ ನಿಂತಿತು, ಲೇತ್ ಕೆಲಸಕ್ಕೆ ದುಡ್ಡೂ ಹೋಯಿತು. ಇಷ್ಟಾದ ಮೇಲೆ ಗೊತ್ತಾದ ವಿಷಯ ಏನೆಂದರೆ, ಆ ಬೋಲ್ಟ್ ಸೋರುತ್ತಲೇ ಇರಲಿಲ್ಲ. ಆಯಿಲ್ ಹಾಕುವ ಮುಚ್ಚಳದ ಓ ರಿಂಗ್ ಎನ್ನುವ ರಬ್ಬರ್ ಬಳೆ ನಾನು ಒರೆಸಿದ ಬಟ್ಟೆಗೆ ಅಂಟಿಕೊಂಡು ಹೊರಗೇ ಉಳಿದಿತ್ತು. ಆಯಿಲ್ ಸೋರಿದ್ದು ಮೇಲಿನ ಮುಚ್ಚಳದಿಂದ. ಅದು ಕವರ್ ಮೇಲೆ ಇಳಿದು, ಇಂಜಿನ್ ಹೊಟ್ಟೆ ಕೆಳಗೆ ಹರಿದು, ಎಲ್ಲಕ್ಕಿಂತ ತಗ್ಗಿನಲ್ಲಿರುವ ಡ್ರೇನ್ ಬೋಲ್ಟಿನ ತುದಿಯಲ್ಲಿ ಹನಿಯಾಗಿ ನಿಲ್ಲುತ್ತಿತ್ತು.

ಹನಿ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ. ಕೆಳಗೆ ಹೇಳುವ ಎಲ್ಲ ಹೆಜ್ಜೆಗಳೂ ಈ ಒಂದು ಮಾತಿನ ಮೇಲೆ ನಿಂತಿವೆ.

ಮೊದಲು: ಗಾಡಿ ಓಡಿಸಬಹುದಾ, ಬೇಡವಾ?

ರಟ್ಟಿನ ತುಂಡು ಅಥವಾ ಹಳೆಯ ಪೇಪರ್ ಇಂಜಿನ್ ಕೆಳಗೆ ಹಾಸಿ. ರಾತ್ರಿಯಿಡೀ ಒಂದೆರಡು ಹನಿ ಬಿದ್ದರೆ ಅವಸರ ಇಲ್ಲ, ಆರಾಮಾಗಿ ಹುಡುಕಬಹುದು. ನೀವು ನೋಡುತ್ತಿರುವಾಗಲೇ ಹನಿ ಮೇಲೆ ಹನಿ ಬಿದ್ದರೆ ಗಾಡಿ ತೆಗೆಯಬೇಡಿ, ಪಕ್ಕದ ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ, ತಳ್ಳಿಕೊಂಡು ಹೋಗಿ. ಸಾಮಾನ್ಯ ಬೈಕಿನಲ್ಲಿ ಇರುವುದೇ ಒಂದು ಲೀಟರ್ ಆಸುಪಾಸು ಆಯಿಲ್. ಇಂಜಿನ್, ಗೇರ್, ಕ್ಲಚ್ ಮೂರೂ ಅದರಲ್ಲೇ ಮುಳುಗಿರುತ್ತವೆ. ಆಯಿಲ್ ಕಡಿಮೆ ಆಗಿದೆ ಅಂತ ಹೇಳುವ ದೀಪವೂ ನಮ್ಮ ಹಳೆಯ 100 ಸಿಸಿ ಗಾಡಿಗಳಲ್ಲಿ ಇಲ್ಲ. ಪಿಸ್ಟನ್ ಹಿಡಿದುಕೊಂಡು ಇಂಜಿನ್ ನಿಂತಾಗಲೇ ಗೊತ್ತಾಗುವುದು.

ಜೊತೆಗೆ ಹಿಂದಿನ ಟಯರ್ ಮುಟ್ಟಿ ನೋಡಿ. ಇಂಜಿನ್ ಕೆಳಗಿಂದ ಹಾರಿದ ಆಯಿಲ್ ನೇರ ಅಲ್ಲಿಗೇ ಹೋಗುತ್ತದೆ. ಟಯರ್ ಮೇಲೆ ಜಿಡ್ಡು ಇದ್ದರೆ ಅದನ್ನು ತೊಳೆಯುವವರೆಗೆ ಒಂದು ಫರ್ಲಾಂಗ್ ಕೂಡ ಬೇಡ. ಸೋಪಿನ ಪುಡಿ, ಬಿಸಿನೀರು, ಗಟ್ಟಿ ಬ್ರಷ್ ಸಾಕು, ಎರಡು ಮೂರು ಸಲ ಉಜ್ಜಿ ತೊಳೆಯಿರಿ. ಟಯರಿಗೆ ಪೆಟ್ರೋಲ್ ಬೇಡ, ಅದು ರಬ್ಬರನ್ನೇ ಹಾಳು ಮಾಡುತ್ತದೆ. ಡಿಸ್ಕ್ ಬ್ರೇಕ್ ಇದ್ದರೆ ಡಿಸ್ಕನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ. ಬ್ರೇಕ್ ಪ್ಯಾಡ್ ಆಯಿಲ್ ಕುಡಿದಿದ್ದರೆ ಅದನ್ನು ಉಳಿಸುವ ಆಸೆ ಬಿಡಿ, ಹೊಸದು ಹಾಕಿ. ಇಲ್ಲಿ ಉಳಿತಾಯ ನೋಡುವಂಥದ್ದಲ್ಲ.

ಡಿಪ್‌ಸ್ಟಿಕ್ ಏನು ಹೇಳುತ್ತದೆ?

ಸೋರಿಕೆ ಹುಡುಕುವ ಮೊದಲು ಡಿಪ್‌ಸ್ಟಿಕ್‌ನಿಂದ, ಅಂದರೆ ಆಯಿಲ್ ಹಾಕುವ ಮುಚ್ಚಳಕ್ಕೇ ಇರುವ ಅಳತೆ ಕಡ್ಡಿಯಿಂದ, ಆಯಿಲ್ ಎಷ್ಟಿದೆ ನೋಡಬೇಕು. ಇದನ್ನು ಬಿಡುವವರೇ ಜಾಸ್ತಿ. ಮನೆ ಸರ್ವಿಸ್ ಆದ ಮೇಲಿನ ಎಷ್ಟೋ ಸೋರಿಕೆಗೆ ಕಾರಣ ಆಯಿಲ್ ಹೆಚ್ಚಾಗಿರುವುದು.

ಹೇಗೆ ಅಂದರೆ, ಡ್ರೇನ್ ಬೋಲ್ಟ್ ಬಿಚ್ಚಿದಾಗ ಹಳೆಯ ಆಯಿಲ್ ಪೂರ್ತಿ ಇಳಿಯುವುದಿಲ್ಲ. ಕ್ಲಚ್ ಪ್ಲೇಟುಗಳ ನಡುವೆ, ಮೂಲೆಗಳಲ್ಲಿ ಸ್ವಲ್ಪ ಉಳಿದಿರುತ್ತದೆ. ನಾವು ಲೀಟರ್ ಬಾಟಲಿ ತಂದಿದ್ದೇವೆ ಅಂತ ಪೂರ್ತಿ ಸುರಿಯುತ್ತೇವೆ. ಗಾಡಿಯ ಪುಸ್ತಕದಲ್ಲಿ ಎರಡು ಅಳತೆ ಕೊಟ್ಟಿರುತ್ತಾರೆ, ಒಂದು ಆಯಿಲ್ ಬದಲಿಸುವಾಗ ಹಾಕಬೇಕಾದದ್ದು, ಇನ್ನೊಂದು ಇಂಜಿನ್ ಪೂರ್ತಿ ಬಿಚ್ಚಿ ಜೋಡಿಸಿದಾಗ ಹಾಕಬೇಕಾದದ್ದು. ಎರಡನೆಯದು ಯಾವಾಗಲೂ ಹೆಚ್ಚು. ನಮಗೆ ಬೇಕಾದದ್ದು ಮೊದಲನೆಯದು. ಹೆಚ್ಚಾದ ಆಯಿಲ್ ಇಂಜಿನ್ ಒಳಗೆ ನೊರೆ ಏಳುತ್ತದೆ, ಒಳಗಿನ ಒತ್ತಡ ಏರುತ್ತದೆ, ಉಸಿರಾಡುವ ಪೈಪಿನಿಂದ ಏರ್ ಫಿಲ್ಟರ್ ಡಬ್ಬಕ್ಕೆ ನುಗ್ಗುತ್ತದೆ, ಸೀಲುಗಳನ್ನೂ ಒತ್ತುತ್ತದೆ. ಏರ್ ಫಿಲ್ಟರ್ ಡಬ್ಬದ ಕೆಳಗೆ ಒಂದು ಸಣ್ಣ ಪೈಪ್ ಇರುತ್ತದೆ ನೋಡಿ, ಅದರ ತುದಿಯಲ್ಲಿ ಆಯಿಲ್ ಕಂಡರೆ ಅನುಮಾನವೇ ಬೇಡ.

ಅಳತೆ ನೋಡುವುದು ಹೀಗೆ. ಸಮತಟ್ಟಾದ ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ. ಇಂಜಿನ್ ಚಾಲೂ ಮಾಡಿ ಮೂರರಿಂದ ಐದು ನಿಮಿಷ ಬಿಡಿ. ಬಂದ್ ಮಾಡಿ, ಎರಡು ಮೂರು ನಿಮಿಷ ಕಾಯಿರಿ. ಡಿಪ್‌ಸ್ಟಿಕ್ ತೆಗೆದು ಒರೆಸಿ ಮತ್ತೆ ಇಳಿಸಿ. ಸ್ಪ್ಲೆಂಡರ್ ಥರದ ಗಾಡಿಗಳಲ್ಲಿ ಆಗ ಮುಚ್ಚಳ ತಿರುಗಿಸಬಾರದು, ಸುಮ್ನೆ ಮೇಲೆ ಕೂರಿಸಬೇಕು. ತಿರುಗಿಸಿ ಬಿಗಿ ಮಾಡಿದರೆ ಕಡ್ಡಿ ಜಾಸ್ತಿ ಮುಳುಗಿ, ಇಲ್ಲದ ಆಯಿಲ್ ಇದೆ ಅಂತ ತೋರಿಸುತ್ತದೆ. ಕೆಲವು ಗಾಡಿಗಳಲ್ಲಿ ತಿರುಗಿಸಿಯೇ ನೋಡಬೇಕು, ಇನ್ನು ಕೆಲವಕ್ಕೆ ಕಡ್ಡಿ ಬದಲು ಗಾಜಿನ ಕಿಂಡಿ ಇರುತ್ತದೆ. ನಿಮ್ಮ ಪುಸ್ತಕ ನೋಡಿ. ಎರಡು ಗೆರೆ ನಡುವೆ ಇದ್ದರೆ ಸರಿ.

ಮೇಲಿನ ಗೆರೆ ದಾಟಿದ್ದರೆ ಅದಕ್ಕಾಗಿ ಡ್ರೇನ್ ಬೋಲ್ಟ್ ಬಿಚ್ಚಬೇಡಿ. ಮೆಡಿಕಲ್ ಶಾಪಿನಲ್ಲಿ 50 ಎಂಎಲ್ ಸಿರಿಂಜ್ ಸಿಗುತ್ತದೆ, ಜೊತೆಗೆ ಒಂದು ಸಣ್ಣ ಪ್ಲಾಸ್ಟಿಕ್ ನಳಿಕೆ ತಗೊಳ್ಳಿ. ಆಯಿಲ್ ಹಾಕುವ ತೂತಿನಿಂದಲೇ ಎಳೆದು ತೆಗೆಯಿರಿ. ತೆಗೆದ ಮೇಲೆ ಮತ್ತೆ ಅಳತೆ ನೋಡಿ. ಅರ್ಧಕ್ಕರ್ಧ ಜನರ ಕೆಲಸ ಇಲ್ಲಿಗೇ ಮುಗಿದರೂ ಆಶ್ಚರ್ಯ ಇಲ್ಲ.

ತೊಳೆಯಿರಿ, ಒಣಗಿಸಿ, ಪೌಡರ್ ಹಾಕಿ

ಈಗ ನಿಜವಾದ ಹುಡುಕಾಟ. ಇಂಜಿನ್ ತಣ್ಣಗಾಗಿರಲಿ. ಹಳೆಯ ಬ್ರಷ್ಷಿಗೆ ಸ್ವಲ್ಪ ಡೀಸೆಲ್ ಹಚ್ಚಿ ಇಂಜಿನ್ನಿನ ಕೆಳಭಾಗ, ಎರಡೂ ಬದಿಯ ಕವರ್, ಬೋಲ್ಟುಗಳ ಸುತ್ತ, ಫಿನ್ನುಗಳ (ಇಂಜಿನ್ ತಣ್ಣಗಾಗಿಸುವ ಪಟ್ಟಿಗಳ) ಸಂದಿ ಎಲ್ಲ ಉಜ್ಜಿ. ಆಮೇಲೆ ಸೋಪಿನ ನೀರು, ಆಮೇಲೆ ಒಣ ಬಟ್ಟೆ. ಬಿಸಿ ಸೈಲೆನ್ಸರ್ ಹತ್ತಿರ ಡೀಸೆಲ್, ಪೆಟ್ರೋಲ್ ಎರಡೂ ಬೇಡ.

ಪೂರ್ತಿ ಒಣಗಿದ ಮೇಲೆ ಮನೆಯಲ್ಲಿರುವ ಟಾಲ್ಕಂ ಪೌಡರ್ ತಗೊಂಡು ಅನುಮಾನ ಇರುವ ಕಡೆಯೆಲ್ಲ ತೆಳ್ಳಗೆ ಉದುರಿಸಿ. ಇಂಜಿನ್ ಚಾಲೂ ಮಾಡಿ ನಿಂತಲ್ಲೇ ಐದಾರು ನಿಮಿಷ ಬಿಡಿ. ಬಂದ್ ಮಾಡಿ ಟಾರ್ಚ್ ಹಾಕಿ ನೋಡಿ. ಬಿಳಿ ಪೌಡರಿನಲ್ಲಿ ಕರಿ ಗೆರೆ ಮೂಡಿರುತ್ತದೆ. ಆ ಗೆರೆಯ ಕೆಳತುದಿ ಬಿಡಿ, ಮೇಲಿನ ತುದಿ ಎಲ್ಲಿ ಶುರುವಾಗಿದೆ ನೋಡಿ. ಸೋರಿಕೆ ಇರುವುದು ಅಲ್ಲಿ. ಏನೂ ಕಾಣದಿದ್ದರೆ ಗಲ್ಲಿಯಲ್ಲೇ ಒಂದು ಕಿಲೋಮೀಟರ್ ನಿಧಾನ ಸುತ್ತಿ ಬಂದು ಮತ್ತೆ ನೋಡಿ. ಗಾಡಿ ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ, ಹಾಗಾಗಿ ಮೂಲ ಇನ್ನಷ್ಟು ಮುಂದೆ ಇರಬಹುದು.

ಹೀಗೆ ತೊಳೆದ ಮೇಲೆ ಎಷ್ಟೋ ಸಲ ಸೋರಿಕೆಯೇ ಇಲ್ಲ ಅಂತ ಗೊತ್ತಾಗುತ್ತದೆ. ಆಯಿಲ್ ಹಾಕುವಾಗ ಹೊರಗೆ ಚೆಲ್ಲಿದ್ದು ಸಂದಿಯಲ್ಲಿ ಕೂತು ಎರಡು ದಿನ ಇಳಿಯುತ್ತಿರುತ್ತದೆ, ಅಷ್ಟೇ. ಎಡಗಡೆ ಚೈನ್ ಕವರ್ ಹತ್ತಿರ ಜಿಡ್ಡು ಇದ್ದರೆ ಅದು ನೀವೇ ಹೊಡೆದ ಚೈನ್ ಲೂಬ್ ಇರಬಹುದು. ಮುಂದಿನ ಫೋರ್ಕಿನಿಂದ ಬರುವುದು ತೆಳು ಎಣ್ಣೆ, ಇಂಜಿನ್ ಆಯಿಲಿನ ಬಣ್ಣ ಇರುವುದಿಲ್ಲ. ಮೂಗಿಗೆ ಪೆಟ್ರೋಲ್ ವಾಸನೆ ಬಂದರೆ ಅದು ಬೇರೆಯೇ ತೊಂದರೆ, ಆಗ ಇಂಜಿನ್ ಚಾಲೂ ಮಾಡಲೇಬೇಡಿ.

ಇನ್ನೊಂದು ವಿಷಯ ನಮ್ಮ ಕಡೆಯವರಿಗೆ ಹೇಳಲೇಬೇಕು. ನವಲಗುಂದ, ಅಣ್ಣಿಗೇರಿ, ನರಗುಂದ, ಗದಗದ ಕಡೆ ಹೊಲದ ದಾರಿಯಲ್ಲಿ ಓಡಾಡುವ ಗಾಡಿಗಳ ಇಂಜಿನ್ ಕೆಳಗೆ ಎರಿ ಮಣ್ಣು ಆಯಿಲ್ ಜೊತೆ ಕೂಡಿ ಗಟ್ಟಿ ಪದರ ಆಗಿರುತ್ತದೆ. ವರ್ಷಗಟ್ಟಲೆ ಅದೇ ಪ್ಯಾಕಿಂಗ್ (ಸಂದಿ ಮುಚ್ಚುವ ತೆಳು ಹಾಳೆ) ಥರ ಕೆಲಸ ಮಾಡುತ್ತಿರುತ್ತದೆ. ಸರ್ವಿಸ್ ಅಂತ ನೀವು ಅದನ್ನು ಕೆರೆದು ತೊಳೆದಿರಿ, ಹಳೆಯ ಸೀಲಿನ ಸೋರಿಕೆ ಈಗ ಹೊರಗೆ ಬಂತು. ಅದು ನಿಮ್ಮ ಕೈಯಿಂದ ಆದ ತಪ್ಪಲ್ಲ. ತೊಳೆದದ್ದು ಒಳ್ಳೆಯದೇ ಆಯಿತು.

ನೀವು ಮುಟ್ಟಿದ ಜಾಗಗಳನ್ನೇ ಮೊದಲು ನೋಡಿ

ಸರ್ವಿಸ್‌ಗೆ ಮುಂಚೆ ಸೋರದ ಗಾಡಿ ಈಗ ಸೋರುತ್ತಿದ್ದರೆ ಬಹುತೇಕ ಕಾರಣ ನೀವು ಬಿಚ್ಚಿದ ಯಾವುದೋ ಒಂದು ಜಾಗದಲ್ಲೇ ಇರುತ್ತದೆ. ಏನೇನು ಬಿಚ್ಚಿದಿರಿ ಅಂತ ನೆನಪು ಮಾಡಿಕೊಂಡು ಮೇಲಿನಿಂದ ಕೆಳಗೆ ಬನ್ನಿ.

ಆಯಿಲ್ ಹಾಕುವ ಮುಚ್ಚಳ: ಓ ರಿಂಗ್ ಇದೆಯಾ, ಒಡೆದಿದೆಯಾ, ತಿರುಚಿ ಕೂತಿದೆಯಾ ನೋಡಿ. ಒರೆಸಿದ ಬಟ್ಟೆ ಒಮ್ಮೆ ಝಾಡಿಸಿ ನೋಡಿ, ನನ್ನದು ಅಲ್ಲೇ ಸಿಕ್ಕಿತು. ಮುಚ್ಚಳಕ್ಕೆ ಕೈಬಿಗಿ ಸಾಕು, ಪಕ್ಕಡ್ ಹಾಕುವ ಅಗತ್ಯ ಇಲ್ಲ.

ಟ್ಯಾಪೆಟ್ (ವಾಲ್ವಿನ ಸಂದಿ) ಸೆಟ್ ಮಾಡಿದ್ದರೆ ಮೇಲಿನ ಟ್ಯಾಪೆಟ್ ಮುಚ್ಚಳಗಳು: ಅವಕ್ಕೂ ಓ ರಿಂಗ್ ಇವೆ. ಬಿಸಿಗೆ ಒಣಗಿ ಗಟ್ಟಿಯಾದ ರಿಂಗನ್ನು ಮತ್ತೆ ಹಾಕಿದರೆ ಸೋರಿಯೇ ಸೋರುತ್ತದೆ. ಇಲ್ಲಿ ಸೋರಿದ ಆಯಿಲ್ ಫಿನ್ನುಗಳ ಮೇಲೆ ಇಳಿಯುತ್ತದೆ, ಅದನ್ನು ನೋಡಿ ಹೆಡ್ ಪ್ಯಾಕಿಂಗ್ ಹೋಗಿದೆ ಅಂತ ಹೆದರಬೇಡಿ.

ಫಿಲ್ಟರ್ ಕವರ್: ಪೇಪರ್ ಫಿಲ್ಟರ್ ಇರುವ ಗಾಡಿಗಳಲ್ಲಿ ಕವರಿನ ಓ ರಿಂಗ್ ಪ್ರತಿ ಸಲ ಹೊಸದು ಹಾಕಬೇಕು. ಹಾಕುವ ಮೊದಲು ಅದಕ್ಕೆ ಹೊಸ ಆಯಿಲ್ ಸವರಿ. ಒಣ ರಿಂಗ್ ಜಾರುವುದಿಲ್ಲ, ಬಿಗಿ ಮಾಡುವಾಗ ಸಂದಿಯಲ್ಲಿ ಸಿಕ್ಕಿಕೊಂಡು ಕತ್ತರಿಸುತ್ತದೆ. ಡಬ್ಬದ ಥರ ತಿರುಗಿಸುವ ಫಿಲ್ಟರ್ ಇದ್ದರೆ ಹಳೆಯ ಫಿಲ್ಟರಿನ ರಬ್ಬರ್ ಇಂಜಿನ್ನಿಗೇ ಅಂಟಿ ಉಳಿದಿದೆಯಾ ನೋಡಿ. ಅದರ ಮೇಲೆ ಹೊಸ ರಬ್ಬರ್ ಕೂತರೆ ಮೊದಲು ಸೋರುವುದಿಲ್ಲ, ಇಂಜಿನ್ ಓಡಿ ಒತ್ತಡ ಬಂದಾಗ ಒಮ್ಮೆಲೇ ಸುರಿಯುತ್ತದೆ. ಸ್ಪ್ಲೆಂಡರ್ ಥರದ ಗಾಡಿಯಲ್ಲಿ ಪೇಪರ್ ಫಿಲ್ಟರ್ ಇಲ್ಲವೇ ಇಲ್ಲ. ಅಲ್ಲಿರುವುದು ಜಾಳಿಗೆ ಮತ್ತು ಕ್ಲಚ್ ಕವರ್ ಒಳಗೆ ತಿರುಗುವ ಫಿಲ್ಟರ್.

ಕ್ಲಚ್ ಕವರ್ ಬಿಚ್ಚಿದ್ದರೆ ಪ್ಯಾಕಿಂಗ್ ಹೊಸದೇ ಬೇಕು. ಹಳೆಯ ಪ್ಯಾಕಿಂಗ್ ತುಣುಕು ಅಂಟಿದ್ದರೆ ಬ್ಲೇಡನ್ನು ಮಲಗಿಸಿ ಹಿಡಿದು ನಿಧಾನ ತೆಗೆಯಿರಿ. ಸ್ಕ್ರೂ ಡ್ರೈವರ್ ಹಾಕಿ ಮೀಟಿದರೆ ಅಲ್ಯುಮಿನಿಯಂ ಮೇಲೆ ಗೀರು ಬೀಳುತ್ತದೆ, ಆ ಗೀರೇ ಆಯಿಲ್‌ಗೆ ದಾರಿ. ಬೋಲ್ಟುಗಳನ್ನು ಒಂದೇ ಕಡೆಯಿಂದ ಸಾಲಾಗಿ ಬಿಗಿ ಮಾಡಬೇಡಿ, ಎದುರುಬದುರು, ಸ್ವಲ್ಪ ಸ್ವಲ್ಪ. ಬಿಚ್ಚುವಾಗ ಯಾವ ಬೋಲ್ಟ್ ಎಲ್ಲಿಂದ ಬಂತು ಅಂತ ಗುರುತು ಇಟ್ಟುಕೊಂಡಿರದಿದ್ದರೆ ಉದ್ದ ಬೋಲ್ಟ್ ಗಿಡ್ಡದರ ಜಾಗಕ್ಕೆ ಹೋಗಿರಬಹುದು. ಅದು ತಳ ಮುಟ್ಟಿ ಗಟ್ಟಿ ಆಗುತ್ತದೆ, ಆದರೆ ಕವರನ್ನು ಒತ್ತಿ ಹಿಡಿದಿರುವುದಿಲ್ಲ. ರಟ್ಟಿನ ಮೇಲೆ ಕವರಿನ ಆಕಾರ ಬರೆದು ಬೋಲ್ಟುಗಳನ್ನು ಅದೇ ಜಾಗಕ್ಕೆ ಚುಚ್ಚಿಟ್ಟರೆ ಈ ತಾಪತ್ರಯ ಇಲ್ಲ.

ಪ್ಯಾಕಿಂಗ್ ಬದಲು ಟ್ಯೂಬಿನ ಸಿಲಿಕಾನ್ ಅಂಟು ಬಳಿಯುವ ಅಭ್ಯಾಸ ತುಂಬ ಇದೆ. ಅಂಟು ಹೊರಗೆ ಎಷ್ಟು ಉಬ್ಬಿ ಕಾಣುತ್ತದೋ ಒಳಗೂ ಅಷ್ಟೇ ಉಬ್ಬಿರುತ್ತದೆ. ಅದು ಕಿತ್ತು ಆಯಿಲ್ ಜೊತೆ ಸುತ್ತಿ, ಜಾಳಿಗೆಯಲ್ಲಿ ಕೂತು, ಪಂಪಿಗೆ ಆಯಿಲ್ ಬರದ ಹಾಗೆ ಮಾಡುತ್ತದೆ. ಹೊರಗೆ ಸೋರುವುದು ನಿಂತಿತು ಅಂತ ನೀವು ನೆಮ್ಮದಿಯಿಂದ ಇರುತ್ತೀರಿ, ಒಳಗೆ ಇಂಜಿನ್ ಒಣಗುತ್ತಿರುತ್ತದೆ.

ಡ್ರೇನ್ ಬೋಲ್ಟ್

ಎಲ್ಲ ನೋಡಿ ಕೊನೆಗೆ ಗೆರೆ ಇಲ್ಲಿಂದಲೇ ಶುರು ಆಗಿದೆ ಅಂತ ಖಾತ್ರಿ ಆದರೆ ಮಾತ್ರ ಇದನ್ನು ಮುಟ್ಟಿ.

ನನ್ನ ಬೋಲ್ಟ್ ಹೋದ ಮೇಲೆ ಹಿರಿಯ ಫಿಟ್ಟರ್ ಒಬ್ಬರ ಹತ್ತಿರ ಹೋಗಿದ್ದೆ. ಅವರು ಬೋಲ್ಟ್ ಕೈಯಲ್ಲಿ ಹಿಡಿದು ನೋಡಿ, ಬಯ್ಯದೆ ಹೇಳಿದ ಮಾತು ಇನ್ನೂ ನೆನಪಿದೆ. "ತಮ್ಮಾ, ಎಣ್ಣಿ ನಿಂದ್ರಸೋದು ಬಿಗಿ ಅಲ್ಲ, ವಾಷರ್. ವಾಷರ್ ಹೊಸಾದ್ ಇದ್ರ ಇಷ್ಟ್ ಬಿಗಿ ಬೇಕಾಗೂದೇ ಇಲ್ಲ ನೋಡು."

ಅಷ್ಟೇ ವಿಷಯ. ಬೋಲ್ಟಿನ ತಲೆ ಮತ್ತು ಇಂಜಿನ್ ನಡುವೆ ಅಲ್ಯುಮಿನಿಯಂ ಅಥವಾ ತಾಮ್ರದ ವಾಷರ್ ಇರುತ್ತದೆ. ಮೆತ್ತಗಿನ ಲೋಹ, ಒತ್ತಿದಾಗ ಚಪ್ಪಟೆಯಾಗಿ ಸಂದಿ ತುಂಬುತ್ತದೆ. ಒಮ್ಮೆ ಚಪ್ಪಟೆ ಆದದ್ದು ಎರಡನೇ ಸಲ ಅಷ್ಟು ಚೆನ್ನಾಗಿ ಕೂರುವುದಿಲ್ಲ. ಹತ್ತಿಪ್ಪತ್ತು ರೂಪಾಯಿಯ ವಸ್ತು ಅದು. ಆಯಿಲ್ ಬಾಟಲಿ ತರುವಾಗಲೇ ಅಂಗಡಿಯವರಿಗೆ ಗಾಡಿ ಹೆಸರು ಹೇಳಿ ಒಂದು ವಾಷರ್ ಕೇಳಿ ತನ್ನಿ. ತಾಮ್ರದ ವಾಷರ್ ಆಗಿದ್ದು, ಅಂಗಡಿ ಬಂದ್ ಇದ್ದರೆ ಒಂದು ಉಪಾಯ ಇದೆ. ಅದನ್ನು ಗ್ಯಾಸ್ ಉರಿಯ ಮೇಲೆ ಇಕ್ಕಳದಲ್ಲಿ ಹಿಡಿದು ಮಂದ ಕೆಂಪು ಬರುವವರೆಗೆ ಕಾಯಿಸಿ ನೀರಿಗೆ ಹಾಕಿದರೆ ತಾಮ್ರ ಮತ್ತೆ ಮೆತ್ತಗಾಗುತ್ತದೆ. ಅಲ್ಯುಮಿನಿಯಂ ವಾಷರಿಗೆ ಇದು ನಡೆಯುವುದಿಲ್ಲ, ಕೆಂಪಾಗುವ ಮೊದಲೇ ಕರಗುತ್ತದೆ.

ಹಳೆಯ ವಾಷರ್ ಇಂಜಿನ್ನಿಗೆ ಅಂಟಿಕೊಂಡು ಅಲ್ಲೇ ಉಳಿದಿರುತ್ತದೆ, ಕರಿ ಬಣ್ಣಕ್ಕೆ ಗೊತ್ತೇ ಆಗುವುದಿಲ್ಲ. ಉಗುರಿನಿಂದ ಕೆರೆದು ನೋಡಿ. ಅದರ ಮೇಲೆ ಇನ್ನೊಂದು ಹಾಕಿದರೆ ಎರಡು ವಾಷರ್ ಆಗಿ ಸೋರುತ್ತದೆ. ಕೆಲವು ಗಾಡಿಗಳಲ್ಲಿ ಬೋಲ್ಟ್ ಜೊತೆ ಸ್ಪ್ರಿಂಗ್, ಜಾಳಿಗೆ, ಓ ರಿಂಗ್ ಕೂಡ ಹೊರಗೆ ಬರುತ್ತವೆ, ಬುಟ್ಟಿಯ ಹಳೆಯ ಆಯಿಲ್ ಚೆಲ್ಲುವ ಮೊದಲು ತಳ ತಡಕಿ ನೋಡಿ.

ಹಾಕುವ ರೀತಿ ಹೀಗೆ. ಕೆಳಗೆ ಶುದ್ಧವಾದ ಬುಟ್ಟಿ ಇಡಿ, ಇಳಿದ ಹೊಸ ಆಯಿಲ್ ಮತ್ತೆ ಹಾಕಬಹುದು. ಬೋಲ್ಟ್ ಬಿಚ್ಚುವಾಗ ದಿಕ್ಕಿನ ಬಗ್ಗೆ ಹುಷಾರು. ನೆಲದ ಮೇಲೆ ಮಲಗಿ ಕೆಳಗಿನಿಂದ ಬೋಲ್ಟಿನ ತಲೆ ನೋಡಿದರೆ ಗಡಿಯಾರದ ಮುಳ್ಳಿನ ಎದುರು ದಿಕ್ಕಿಗೆ ತಿರುಗಿಸಿದಾಗ ಬಿಚ್ಚುತ್ತದೆ. ಗಾಡಿ ಪಕ್ಕ ಕುಕ್ಕರಗಾಲಲ್ಲಿ ಕೂತು ಮೇಲಿನಿಂದ ಬಗ್ಗಿ ನೋಡಿದರೆ ಅದೇ ದಿಕ್ಕು ಉಲ್ಟಾ ಕಾಣುತ್ತದೆ. ಬಿಚ್ಚುತ್ತಿದ್ದೇನೆ ಅಂತ ತಿಳಿದು ಬಿಗಿ ಮಾಡಿ ಥ್ರೆಡ್ ಕಳೆದುಕೊಂಡವರು ಕಡಿಮೆ ಇಲ್ಲ. ಬೋಲ್ಟ್ ಉಕ್ಕು, ಇಂಜಿನ್ ಕೇಸ್ ಅಲ್ಯುಮಿನಿಯಂ. ಎರಡರ ಜಗಳದಲ್ಲಿ ಸೋಲುವುದು ಕೇಸ್.

ಬೋಲ್ಟ್ ಮತ್ತು ಕೂರುವ ಜಾಗ ಒರೆಸಿ, ಹೊಸ ವಾಷರ್ ಹಾಕಿ, ಮೊದಲು ಬೆರಳಿನಿಂದಲೇ ಪೂರ್ತಿ ತಿರುಗಿಸಿ. ಬೆರಳಿಗೆ ಸಲೀಸಾಗಿ ಹೋಗದಿದ್ದರೆ ಓರೆ ಕೂತಿದೆ ಅಂತ ಅರ್ಥ, ಬಿಚ್ಚಿ ಮತ್ತೆ ಹಾಕಿ. ವಾಷರ್ ಮುಟ್ಟಿದ ಮೇಲೆ ಚಿಕ್ಕ ರಿಂಗ್ ಪಾನಾದಿಂದ ಸುಮಾರು ಕಾಲು ಸುತ್ತು. ಡ್ರೇನ್ ಬೋಲ್ಟಿಗೆ ಸಾಮಾನ್ಯ ಬೈಕುಗಳಲ್ಲಿ ಬೇಕಾಗುವ ಬಿಗಿ ಸುಮಾರು 25 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ), ನಿಮ್ಮ ಗಾಡಿಯದನ್ನು ಪುಸ್ತಕದಲ್ಲಿ ಖಾತ್ರಿ ಮಾಡಿಕೊಳ್ಳಿ. ಬಿಗಿ ಅಳೆದು ತೋರಿಸುವ ಟಾರ್ಕ್ ಪಾನಾ ಎಲ್ಲರ ಮನೆಯಲ್ಲಿ ಎಲ್ಲಿರುತ್ತದೆ? ಅದಕ್ಕೆ ನಾನು ಮಾಡುವುದು ಇದು: ಸಾಮಾನು ತೂಗುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಯನ್ನು ಬೋಲ್ಟಿನ ನಡುವಿನಿಂದ ಸರಿಯಾಗಿ 20 ಸೆಂಟಿಮೀಟರ್ ದೂರದಲ್ಲಿ ಪಾನಾಕ್ಕೆ ಸಿಕ್ಕಿಸಿ, ಪಾನಾಕ್ಕೆ ನೇರ ಅಡ್ಡವಾಗಿ ಎಳೆಯುತ್ತೇನೆ. ತಕ್ಕಡಿ 12ರಿಂದ 13 ಕಿಲೋ ತೋರಿಸಿದಾಗ 25 ನ್ಯೂಟನ್ ಮೀಟರ್ ಆಯಿತು. ಮೊದಲ ಸಲ ಮಾಡಿದಾಗ ಇಷ್ಟೇನಾ ಅನಿಸಿತು. ಹೌದು, ಇಷ್ಟೇ. ಅಲ್ಲಿಯವರೆಗೆ ನಾನು ಅದರ ಎರಡು ಪಟ್ಟು ಬಿಗಿ ಮಾಡುತ್ತಿದ್ದೆ. ಕವರುಗಳ ಸಣ್ಣ ಬೋಲ್ಟುಗಳಿಗಂತೂ 10 ನ್ಯೂಟನ್ ಮೀಟರ್ ಆಸುಪಾಸು, ಅಂದರೆ 10 ಸೆಂಟಿಮೀಟರ್ ದೂರದಲ್ಲಿ 10 ಕಿಲೋ ಸಾಕು.

ಥ್ರೆಡ್ ಹೋಗಿದ್ದರೆ

ಬಿಗಿ ಮಾಡುವಾಗ ಬೋಲ್ಟ್ ಗಟ್ಟಿಯಾಗದೆ ತಿರುಗುತ್ತಲೇ ಇದ್ದರೆ, ಅಥವಾ ಬಿಚ್ಚಿದಾಗ ಬೋಲ್ಟಿನ ಸುರುಳಿಯಲ್ಲಿ ಬೆಳ್ಳಿ ತಂತಿಯಂಥ ಎಳೆ ಸುತ್ತಿಕೊಂಡಿದ್ದರೆ ಥ್ರೆಡ್ ಹೋಗಿದೆ. ಆ ಎಳೆಯೇ ನಿಮ್ಮ ಇಂಜಿನ್ ಕೇಸಿನ ಥ್ರೆಡ್.

ಇದಕ್ಕೆ ನಲ್ಲಿಗೆ ಸುತ್ತುವ ಬಿಳಿ ಟೇಪ್ ಸುತ್ತಬೇಡಿ. ಟೇಪ್ ಬೋಲ್ಟನ್ನು ಹಿಡಿದು ನಿಲ್ಲಿಸುವುದಿಲ್ಲ, ಚೂರು ಚೂರಾಗಿ ಆಯಿಲ್ ಒಳಗೆ ಹೋಗುತ್ತದೆ. ಎಂ ಸೀಲ್ ಹಚ್ಚಿದರೆ ಜಿಡ್ಡಿನ ಮೇಲೆ ಕೂರುವುದಿಲ್ಲ, ಕೂತರೂ ಮುಂದಿನ ಸಲ ಆಯಿಲ್ ಬದಲಿಸುವುದು ಹೇಗೆ? ದಾರಿಯಲ್ಲಿ ಬೋಲ್ಟ್ ಉದುರಿದರೆ ಅರ್ಧ ನಿಮಿಷದಲ್ಲಿ ಆಯಿಲ್ ಖಾಲಿ, ಅದೂ ನಿಮ್ಮ ಹಿಂದಿನ ಟಯರ್ ಮೇಲೆ.

ಸರಿಯಾದ ದಾರಿ ಎರಡು. ಒಂದು, ತೂತನ್ನು ಸ್ವಲ್ಪ ದೊಡ್ಡದು ಮಾಡಿ ಟ್ಯಾಪ್ ಎನ್ನುವ ಕೊರೆಯುವ ಉಪಕರಣದಿಂದ ಹೊಸ ಥ್ರೆಡ್ ಹೊಡೆದು ದೊಡ್ಡ ಬೋಲ್ಟ್ ಹಾಕುವುದು. ಕಡಿಮೆ ಖರ್ಚು, ಆದರೆ ಮತ್ತೆ ಹೋದರೆ ಕೊರೆಯಲು ಜಾಗ ಉಳಿಯುವುದಿಲ್ಲ. ಎರಡು, ಹೆಲಿಕಾಯಿಲ್ ಎನ್ನುವ ಉಕ್ಕಿನ ಸುರುಳಿ ಅಥವಾ ಉಕ್ಕಿನ ಬುಷ್ ಕೂರಿಸಿ ಮೊದಲಿದ್ದ ಅಳತೆಯ ಬೋಲ್ಟನ್ನೇ ಹಾಕುವುದು. ಆಗ ಉಕ್ಕಿಗೆ ಉಕ್ಕು ಸಿಗುತ್ತದೆ, ಮೊದಲಿಗಿಂತ ಗಟ್ಟಿ. ನಾನು ಹೇಳುವುದು ಎರಡನೆಯದು. ಹುಬ್ಬಳ್ಳಿಯವರಾದರೆ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟ್, ಧಾರವಾಡದವರಾದರೆ ಲಕಮನಹಳ್ಳಿ ಕೈಗಾರಿಕಾ ಪ್ರದೇಶದ ಕಡೆ ಲೇತ್ ಕೆಲಸದವರನ್ನು ವಿಚಾರಿಸಿ. ಗದಗ, ಹಾವೇರಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವವರಿಗೆ ಈ ಕೆಲಸ ಮಾಡುವವರು ಗೊತ್ತಿರುತ್ತಾರೆ, ಅವರನ್ನು ಕೇಳಿ. ಗಾಡಿಯನ್ನು ಟಂಟಂನಲ್ಲೋ ಸಣ್ಣ ಟೆಂಪೋದಲ್ಲೋ ಹಾಕಿಕೊಂಡು ಹೋಗಿ. ಕೆಲಸ ಶುರು ಮಾಡುವ ಮೊದಲು ಒಂದೇ ಮಾತು ಹೇಳಿ: ಟ್ಯಾಪಿಗೆ ದಪ್ಪಗೆ ಗ್ರೀಸ್ ಹಚ್ಚಿ ಹೊಡೆಯಿರಿ ಅಂತ. ಕೊರೆದ ಪುಡಿ ಗ್ರೀಸಿಗೆ ಅಂಟಿ ಹೊರಗೆ ಬರುತ್ತದೆ. ಕೊನೆಗೆ ಬೋಲ್ಟ್ ಹಾಕುವ ಮುಂಚೆ ಮೇಲಿನಿಂದ ಸ್ವಲ್ಪ ಆಯಿಲ್ ಸುರಿದು ಕೆಳಗೆ ಹರಿಯಲು ಬಿಡಿ, ಉಳಿದ ಪುಡಿ ತೊಳೆದು ಹೋಗಲಿ. ಒಂದು ಚೂರು ಲೋಹ ಪಂಪ್ ಕಡೆ ಹೋದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ.

ಫಿಟ್ಟರ್ ಹತ್ತಿರವೇ ಹೋಗಬೇಕಾದದ್ದು

ಗೇರ್ ಲಿವರ್ ಹೊರಗೆ ಬರುವ ಜಾಗ, ಕಿಕ್ಕರ್ ಬುಡ, ಮುಂದಿನ ಚೈನ್ ಸ್ಪ್ರಾಕೆಟ್ ಹಿಂದೆ, ಈ ಮೂರರಲ್ಲಿ ಗೆರೆ ಶುರುವಾದರೆ ಆಯಿಲ್ ಸೀಲ್ ಹೋಗಿದೆ. ಸೀಲ್ ದುಬಾರಿ ಅಲ್ಲ, ಓರೆಯಾಗದ ಹಾಗೆ ಕೂರಿಸುವುದು ಕೈ ಪಳಗಿದವರ ಕೆಲಸ. ಹೆಡ್ ಮತ್ತು ಬ್ಲಾಕ್ ನಡುವಿನಿಂದ ಬರುತ್ತಿದ್ದರೆ, ಕೇಸಿನಲ್ಲೇ ಬಿರುಕು ಕಂಡರೆ ಕೂಡ ಹಾಗೆಯೇ. ಹೋದಾಗ ನೀವೇ ಬಿಚ್ಚಿದ್ದನ್ನು ಮುಚ್ಚಿಡಬೇಡಿ. "ಕಾಕಾ, ನಾನಽ ಆಯಿಲ್ ಬದ್ಲಿ ಮಾಡೀನ್ರೀ, ಇಷ್ಟ್ ಹಾಕೀನಿ, ಈ ಬೋಲ್ಟ್ ಬಿಚ್ಚೀನಿ" ಅಂತ ನೇರ ಹೇಳಿಬಿಡಿ. ಅವರಿಗೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ, ನಿಮಗೆ ಅಷ್ಟು ದುಡ್ಡು.

ದಾರಿ ನಡುವೆ ಗೊತ್ತಾದರೆ

ಹುಬ್ಬಳ್ಳಿಯಿಂದ ಗದಗಕ್ಕೆ ಹೊರಟಿದ್ದೀರಿ, ಅಣ್ಣಿಗೇರಿ ದಾಟಿದ ಮೇಲೆ ಕಾಲಿನ ಮೇಲೆ ಆಯಿಲ್ ಸಿಡಿದದ್ದು ಕಂಡಿತು ಅಂತಿಟ್ಟುಕೊಳ್ಳಿ. ಬ್ರೇಕ್ ಜೋರಾಗಿ ಹಿಡಿಯದೆ, ಗಾಡಿ ವಾಲಿಸದೆ, ನಿಧಾನ ಎಡಕ್ಕೆ ತಗೊಂಡು ನಿಲ್ಲಿಸಿ. ಡಿಪ್‌ಸ್ಟಿಕ್ ನೋಡಿ. ಕೆಳಗಿನ ಗೆರೆಗಿಂತ ಮೇಲೆ ಇದ್ದು ಸಣ್ಣ ಸೋರಿಕೆ ಆಗಿದ್ದು, ಟಯರ್ ಮೇಲೆ ಜಿಡ್ಡು ಇಲ್ಲದಿದ್ದರೆ ನಿಧಾನವಾಗಿ, ಐದಾರು ಕಿಲೋಮೀಟರಿಗೊಮ್ಮೆ ನಿಂತು ಅಳತೆ ನೋಡುತ್ತ ಹತ್ತಿರದ ಊರು ಮುಟ್ಟಬಹುದು. ಕಡ್ಡಿ ಒಣಗಿದ್ದರೆ ಮುಂದೆ ಹೋಗಬೇಡಿ. ಆಯಿಲ್ ತುಂಬುವಾಗ ಯಾವುದೋ ಒಂದು ಆಯಿಲ್ ಬೇಡ. ಹೀರೋ, ಹೋಂಡಾ ಕಮ್ಯೂಟರ್ ಗಾಡಿಗಳಿಗೆ ಸಾಮಾನ್ಯವಾಗಿ 10ಡಬ್ಲ್ಯೂ30 ದಪ್ಪದ್ದು, ಪಲ್ಸರ್‌ಗೆ 20ಡಬ್ಲ್ಯೂ50. ಬಾಟಲಿ ಮೇಲೆ ಜಾಸೋ ಎಂಎ ಅಥವಾ ಎಂಎ2 (ಬೈಕಿನ ಕ್ಲಚ್‌ಗೆ ಹೊಂದುವ ಆಯಿಲ್ ಎಂಬ ಗುರುತು) ಅಂತ ಇರಬೇಕು. ಕಾರಿನ ಆಯಿಲ್ ಹಾಕಿದರೆ ಆಯಿಲ್‌ನಲ್ಲಿ ಮುಳುಗಿರುವ ನಮ್ಮ ಕ್ಲಚ್ ಜಾರತೊಡಗಬಹುದು.

ನಿಮ್ಮ ಗಾಡಿಯಿಂದ ರಸ್ತೆ ಮೇಲೆ ಆಯಿಲ್ ಚೆಲ್ಲಿದ್ದರೆ ಹಾಗೇ ಬಿಟ್ಟು ಹೋಗಬೇಡಿ. ಪಕ್ಕದ ಮಣ್ಣು, ಉಸುಕು ಏನು ಸಿಗುತ್ತದೋ ಅದನ್ನು ಮೇಲೆ ಹಾಕಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಆಯಿಲ್ ಬಿದ್ದ ರಸ್ತೆ ಗಾಜಿನ ಹಾಗೆ ಇರುತ್ತದೆ. ನಿಮ್ಮ ಹಿಂದೆ ಬರುವವರು ಮಗುವನ್ನು ಮುಂದೆ ಕೂರಿಸಿಕೊಂಡು ಬರುತ್ತಿರಬಹುದು.

ಎಲ್ಲ ಸರಿ ಮಾಡಿದ ಮೇಲೆ

ಮೊದಲು ನಿಂತಲ್ಲೇ ಹತ್ತು ನಿಮಿಷ. ಆಮೇಲೆ ಎರಡು ಕಿಲೋಮೀಟರ್, ಬಂದು ಟಾರ್ಚ್ ಹಾಕಿ ನೋಡುವುದು. ಆಮೇಲೆ ಹುಬ್ಬಳ್ಳಿಯಿಂದ ಧಾರವಾಡದವರೆಗಿನ ಆ 20 ಕಿಲೋಮೀಟರ್. ಇಂಜಿನ್ ಪೂರ್ತಿ ಬಿಸಿಯಾಗಿ ಆಯಿಲ್ ತೆಳ್ಳಗಾದಾಗಲೇ ನಿಜವಾದ ಪರೀಕ್ಷೆ. ರಾತ್ರಿ ಕೆಳಗೆ ಹೊಸ ರಟ್ಟು ಹಾಸಿ, ಬೆಳಿಗ್ಗೆ ಒಣಗಿದ್ದರೆ ಆಯಿತು. ಸುಮಾರು 100 ಕಿಲೋಮೀಟರ್ ಆದ ಮೇಲೆ ಡಿಪ್‌ಸ್ಟಿಕ್ ಇನ್ನೊಮ್ಮೆ ನೋಡಿ. ಯಾವುದಕ್ಕೂ ಇರಲಿ ಅಂತ ಬೋಲ್ಟನ್ನು ಮತ್ತೆ ಬಿಗಿ ಮಾಡಬೇಡಿ.

ಬುಟ್ಟಿಯಲ್ಲಿ ಉಳಿದ ಹಳೆಯ ಆಯಿಲನ್ನು ಗಟಾರಕ್ಕೆ ಸುರಿಯಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲ್ ಕೂಡ ಸೇರಿದೆ. ನಮ್ಮ ಗಟಾರದ ನೀರು ನಾಲಾ ಹಿಡಿದು ಕೆರೆ, ಹೊಲ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಖಾಲಿ ಬಾಟಲಿಗೆ ತುಂಬಿ, ಮುಚ್ಚಳ ಬಿಗಿ ಮಾಡಿ, ಹಳೆಯ ಆಯಿಲ್ ಡ್ರಮ್ ಇಟ್ಟಿರುವ ಗ್ಯಾರೇಜಿಗೆ ಕೊಡಿ. ಬಾಗಿಲ ಚೌಕಟ್ಟಿಗೆ ಗೆದ್ದಲು ಬಾರದಿರಲಿ ಅಂತ ಬರಿಗೈಯಲ್ಲಿ ಬಳಿಯುವ ರೂಢಿ ಹಳ್ಳಿಗಳಲ್ಲಿ ಇದೆ. ಪದೇ ಪದೇ ಚರ್ಮಕ್ಕೆ ತಾಗಿದರೆ ಅದು ಕ್ಯಾನ್ಸರಿಗೂ ದಾರಿ ಮಾಡಬಹುದು, ಹಾಗಾಗಿ ಬೇಡ. ಗಾಡಿ ಕೆಲಸಕ್ಕೂ ಕೈಗವಸು ಹಾಕಿಕೊಳ್ಳಿ, ಮುಗಿದ ಕೂಡಲೇ ಸೋಪು ಹಚ್ಚಿ ತೊಳೆಯಿರಿ. ಆಯಿಲ್ ಒರೆಸಿದ ಬಟ್ಟೆ ಮಕ್ಕಳ ಕೈಗೆ, ಒಲೆ ಹತ್ತಿರ ಸಿಗದ ಹಾಗೆ ಇಡಿ. ಬಿಸಾಡುವ ಮೊದಲು ಒಮ್ಮೆ ಝಾಡಿಸಿ ನೋಡಿ, ಓ ರಿಂಗ್ ಇರಬಹುದು.